ಹನ್ನೆರಡನೆಯ ಸೆಕೆಂಡು

"ಏನ್ ಕಳಕೊಂಡೀರಿ? ಬಂದಾಗಿಂದ ನೆಲಾನ ಹುಡುಕಾಕ ಹತ್ತೀರಲ್ಲ!"

ಬಳ್ಳಾರಿಯ ಕಾಲೇಜು ಮೈದಾನದಲ್ಲಿ ಸಾಲಾಗಿ ನಿಂತಿದ್ದವರೆಲ್ಲ ಗೊಳ್ಳೆಂದು ನಕ್ಕರು. ಹೊನ್ನೂರಮ್ಮನ ಕಿವಿ ಬಿಸಿಯಾದವು... ನಿನ್ನೆ ಮೊನ್ನೆ ಬಂದ ಪೀಟಿ ಮೇಷ್ಟ್ರಿಗೆ ಎಷ್ಟು ಸೊಕ್ಕು!

ಅದು ೧೯೭೪. ಕುರುಗೋಡಿನ ಹೊನ್ನೂರಮ್ಮನಿಗೆ ಇಪ್ಪತ್ತು ವರ್ಷ, ಬಾಗಿಲೆತ್ತರದ ಹುಡುಗಿ. "ಉದ್ದ ಹುಡುಗಿಗೆ ಗಂಡು ಸಿಗಂಗಿಲ್ಲ, ತಗ್ಗಿ ನಡಿ" ಎಂದು ಅವ್ವ ಹೇಳಿ ಹೇಳಿ, ಅವಳ ಬೆನ್ನು ಕುಡುಗೋಲಾಗಿತ್ತು.

ಮೇಷ್ಟ್ರು ಸಿರುಗುಪ್ಪದ ಗವಿಸಿದ್ದಪ್ಪ. ಹಂಗಾಮಿ ನೌಕರಿ. ಬೆನ್ನು ಬಾಗಿದ, ನಿಂತಲ್ಲೇ ತೂರಾಡುವ ಹತ್ತು ಹುಡುಗಿಯರಿಗೆ ಎಂಟು ವಾರ ತರಬೇತಿ. ಹತ್ತೂ ಮಂದಿ ಕಣ್ಣು ಮುಚ್ಚಿ ಒಂಟಿಕಾಲಲ್ಲಿ ಒಂದು ನಿಮಿಷ ನಿಂತರೆ ಅವನ ನೌಕರಿ ಕಾಯಂ. ಪ್ರಿನ್ಸಿಪಾಲರ ಈ ಷರತ್ತು ಹುಡುಗಿಯರಿಗೆ ಗೊತ್ತಿರಲಿಲ್ಲ. ನಿಮಿಷ ಮುಟ್ಟಿದವರು ಮರುದಿನದಿಂದ ಬರಬೇಕಿಲ್ಲ ಎಂಬುದಷ್ಟೇ ಗೊತ್ತು.

ಮೊದಲ ದಿನ ಹೊನ್ನೂರಮ್ಮ ನಾಲ್ಕನೇ ಸೆಕೆಂಡಿಗೆ ಮುಗ್ಗರಿಸಿದಳು.

ಅವನು ಗೋಡೆಯ ನೇರ ನೋಡುವ ಗೌಂಡಿಯ ತೂಗುಗುಂಡು ತಂದು ಅವಳ ಪಕ್ಕ ಇಳಿಬಿಟ್ಟ. "ಕಿವಿ, ಹೆಗಲು, ಸೊಂಟ... ಎಲ್ಲಾ ಈ ದಾರದ ಮ್ಯಾಗ ಬರಬೇಕು."

"ನಾನೇನ್ ಗೋಡಿ ಏನ್ರಿ?"

"ಗೋಡಿ ಆಗಿದ್ರ ಎಂದೋ ನೆಟ್ಟಗ ನಿಂತಿರ್ತಿತ್ತು!" ಎಂದವನೇ ಪ್ರಿನ್ಸಿಪಾಲರ ಮೂಗಿನ ದನಿ ತೆಗೆದ: "ನೆಲ ಎಲ್ಲೂ ಓಡಿ ಹೋಗುದಿಲ್ಲಮ್ಮಾ... ತಲಿ ಎತ್ತಮ್ಮಾ..."

ಅವಳು ನಕ್ಕಳು. ಆ ನಗುವಿಗೇ ಹೆಗಲು ಅರ್ಧ ಬಿಚ್ಚಿಕೊಂಡಿತು!

ಆರನೇ ವಾರಕ್ಕೆ ಬೆನ್ನು ನೆಟ್ಟಗಾಯಿತು. ಹಾಸ್ಟೆಲ್ ಕೋಣೆಯಲ್ಲಿ ಅವಳು ನಿಮಿಷ ದಾಟಿ ನಿಲ್ಲುತ್ತಿದ್ದಳು. ಮೈದಾನದಲ್ಲಿ ಮಾತ್ರ ಹನ್ನೆರಡನೇ ಸೆಕೆಂಡಿಗೆ ಕಾಲು ಕೆಳಗೆ!

'ನಿಂತುಬಿಟ್ರ, ನಾಳಿಂದ ಇವರನ್ನ ನೋಡೂದೆಂಗ...'

ಒಂಬತ್ತು ಮಂದಿ ಮುಗಿಸಿ ಹೋದರು. ಅವಳೊಬ್ಬಳು ಉಳಿದಳು. ಎಂಟನೇ ವಾರವೂ ಮುಗಿಯಿತು.

ಎರಡು ದಿನದ ಮೇಲೆ ಗೆಳತಿ ಅಕ್ತರಬಿ ಓಡಿಬಂದಳು. "ಲೇ ಹೊನ್ನೂರಿ! ಒಬ್ಬಾಕಿ ನಿಲ್ಲಲಿಲ್ಲಂತ ಮೇಷ್ಟ್ರನ್ನ ತಗದ್ರಂತ! ಸಿರುಗುಪ್ಪದ ಬಸ್ಸಿಗೆ ಹೊಂಟಾರ!"

ಹೊನ್ನೂರಮ್ಮ ಬಸ್‌ಸ್ಟ್ಯಾಂಡಿಗೆ ಹೇಗೆ ಓಡಿದಳೋ! ಅವನು ಬಸ್ಸಿನೊಳಗೆ, ಟ್ರಂಕು ಕಾಲಡಿ ಇಟ್ಟುಕೊಂಡು ಕೂತಿದ್ದ.

"ನಾನು ಬೇಕಂತನ ಕಾಲಿಟ್ಟೆ..." ಕಿಟಕಿಯ ಸರಳು ಹಿಡಿದು ಬಿಕ್ಕಿದಳು. "ನಿಮ್ಮ ನೌಕರಿ ಹೋಗ್ತೈತಿ ಅಂತ ಗೊತ್ತಿರಲಿಲ್ರಿ!"

"ಗೊತ್ತಿತ್ತು ನನಗ."

"ಏನು?"

"ಬೀಳೋರ ಮೈ ಮೊದ್ಲು ತೂಗ್ತೈತಿ, ಪಾದ ನಡುಗ್ತೈತಿ. ನೀವು ಕಂಬದಂಗ ನಿಂತು, ಕಾಲಷ್ಟ ಇಳಸ್ತಿದ್ರಿ."

"ಮತ್ತ ಹನ್ನೆರಡು ಅಂತ ಯಾಕ ಬರಕೊಂಡ್ರಿ?"

ಅವನು ಕಿಟಕಿಯತ್ತ ಬಾಗಿದ. "ನಿಮ್ಮದೂ ಮುಗದಿದ್ರ... ಯಾರನ್ನ ನೋಡಾಕ ಮೈದಾನಕ್ಕ ಬರಬೇಕಿತ್ತು?"

ಅವಳ ಕಣ್ಣು ತುಂಬಿತು. "ಈಗ್ಲ ಪ್ರಿನ್ಸಿಪಾಲರ ಮುಂದ ನಿಲ್ತೀನಿ, ಬರ್ರಿ!"

"ಬ್ಯಾರೆಯವರನ್ನ ತಗೊಂಡಾರ. ಮುಗೀತು. ನೌಕರಿ ಇಲ್ಲದವಗ ನಿಮ್ಮಪ್ಪ ಹೆಣ್ಣು ಕೊಡ್ತಾರೇನ್ರಿ?"

"ಇಲ್ಲ." ಸುಳ್ಳು ಹೇಳಲು ಅವಳಿಗೆ ಮನಸ್ಸಾಗಲಿಲ್ಲ.

ಕಂಡಕ್ಟರ್ ಸೀಟಿ ಊದಿದ. ಹೊನ್ನೂರಮ್ಮ ಸರಳು ಬಿಟ್ಟಳು... ಮುಗಿಯಿತೆಂದು ಅವನು ಕಣ್ಣು ಮುಚ್ಚಿಕೊಂಡ. ತೆರೆದಾಗ ಅವಳು ಬಸ್ಸಿನೊಳಗೆ, ಅವನ ಸೀಟಿನ ಪಕ್ಕ!

"ಕುರುಗೋಡಿನ ಬಸ್ಸು ಆ ಕಡಿ ಐತಿ," ಎಂದ.

"ಗೊತ್ತೈತಿ."

"ಇದರಾಗ ಬಂದ್ರ ನಿಮಗ ನಿಮ್ಮಪ್ಪನ ಮನಿ ಬಾಗಿಲು ತೆರಿಯಂಗಿಲ್ಲ. ನನ್ನ ಹತ್ರಾನೂ ಏನೂ ಇಲ್ಲ."

"ಅದೂ ಗೊತ್ತೈತಿ. ಸ್ವಲ್ಪ ಸರೀರಿ, ಕುಂದರ್ತೀನಿ."