ಎಡಗಡೆಯ ನಂಬರ್ ಪ್ಯಾಡ್

"ಕೈ ತೋರಿಸ್ರಿ," ಎಂದ ಅವನು.

ವಿದ್ಯಾವತಿ ಬೆಚ್ಚಿದಳು. ಕಮಲಾಪುರದಿಂದ ಬಸ್ಸಿನಲ್ಲಿ ನಿಂತುಕೊಂಡೇ ಕಲಬುರಗಿಗೆ ಬಂದಿದ್ದಳು. ನೆಹರು ಗಂಜ್‌ನ ಬೇಳೆ ಅಂಗಡಿಗಳ ಸಾಲು ದಾಟಿ, ಮಹಡಿಯ ಮೇಲಿನ ಈ ಪುಟ್ಟ ಕಂಪ್ಯೂಟರ್ ಅಂಗಡಿಯನ್ನು ಹುಡುಕುವಷ್ಟರಲ್ಲಿ ಸಾಕುಸಾಕಾಗಿತ್ತು. ಬಂದು ಕೂತು ಎರಡು ಮಾತಾಡುವುದರೊಳಗೆ ಇವನು ಕೈ ಕೇಳುತ್ತಿದ್ದಾನೆ...

"ನಾ ಕೀಬೋರ್ಡ್ ಕೇಳಾಕ ಬಂದೀನಿ. ನನ್ನ ಕೈ ಯಾಕ ಬೇಕು ನಿಮಗ?"

ದುಪಟ್ಟಾದ ಕೆಳಗಿದ್ದ ಬಲಗೈಯನ್ನು ಇನ್ನಷ್ಟು ಒಳಗೆ ಎಳೆದುಕೊಂಡಳು.

"ಅಂಗಿ ಹೊಲಿಸಾಕ ಹೋದ್ರ ಟೇಲರಗ ಅಳತಿ ಕೊಡಂಗಿಲ್ಲೇನ್ರಿ? ಇದೂ ಹಂಗ," ಎಂದ ಅವನು ಮೆಲ್ಲಗೆ. "ನಾ ಮಾಡೋ ಕೀಬೋರ್ಡ್ ಎಲ್ಲಾರಿಗೂ ಅಲ್ಲ. ಒಬ್ಬರಿಗೇ."

ಅವನ ಹೆಸರು ಮೌನೇಶ. ಕೋಟನೂರಿನವನು. ಹಗಲೆಲ್ಲ ಲ್ಯಾಪ್‌ಟಾಪ್ ರಿಪೇರಿ, ನಡುನಡುವೆ ತನ್ನ ಹುಚ್ಚಿನ ಕೆಲಸ, ಅಂದರೆ ಒಂದೊಂದೇ ಸ್ವಿಚ್ ಕೂರಿಸಿ ಕೈಯಿಂದ ಕೀಬೋರ್ಡ್ ಕಟ್ಟುವುದು. ಆಚೆ ಮೂಲೆಯಲ್ಲಿ ಬೆಸುಗೆ ಹಾಕುತ್ತಿದ್ದ ಪರ್ವೇಜ್ ಅಂಗಡಿಯ ಪಾಲುದಾರ. ತಲೆ ಎತ್ತದೆ ಅವನೆಂದ, "ತೋರಿಸ್ರಿ ಅಕ್ಕಾ. ನಮ್ಮ ಮೌನೇಶ ಕೈ ನೋಡ್ತಾನ, ಭವಿಷ್ಯ ಹೇಳಂಗಿಲ್ಲ."

ವಿದ್ಯಾವತಿಗೆ ನಗು ಬಂತು. ಎಷ್ಟೋ ತಿಂಗಳ ನಂತರ ಅಪರಿಚಿತರೆದುರು ಬಲಗೈಯನ್ನು ಹೊರಗೆ ತೆಗೆದು ಮೇಜಿನ ಮೇಲಿಟ್ಟಳು.

ಕಳೆದ ವರ್ಷ ಮಹಾಗಾಂವದ ಹತ್ತಿರ ಟೆಂಪೋದ ಬಾಗಿಲಿಗೆ ಸಿಕ್ಕಿ ಜಜ್ಜಿಹೋದ ಕೈ ಅದು. ಉಂಗುರದ ಬೆರಳು, ಕಿರುಬೆರಳು ಎರಡೂ ನೆಟ್ಟಗೆ ನಿಂತುಬಿಟ್ಟಿದ್ದವು, ಮಡಚುತ್ತಿರಲಿಲ್ಲ.

ಮೌನೇಶ 'ಅಯ್ಯೋ' ಎನ್ನಲಿಲ್ಲ. ಹೇಗಾಯಿತೆಂದೂ ಕೇಳಲಿಲ್ಲ. ಕಂದು ರಟ್ಟಿನ ಮೇಲೆ ಆ ಕೈಯನ್ನು ಇಡಿಸಿ, ಪೆನ್ಸಿಲಿನಿಂದ ಸುತ್ತಲೂ ಗೆರೆ ಎಳೆದ.

"ಏನು ಟೈಪ್ ಮಾಡ್ತೀರಿ?"

"ಅಂಕಿ. ಬರೀ ಅಂಕಿ."

ಅವಳು ಕಮಲಾಪುರದ ಒಂದು ಮಣ್ಣು ಪರೀಕ್ಷೆಯ ಕೇಂದ್ರದಲ್ಲಿ ಕೆಲಸಕ್ಕಿದ್ದಳು. ರೈತರು ಚೀಲದಲ್ಲಿ ತರುವ ಒಂದೊಂದು ಹಿಡಿ ಮಣ್ಣಿಗೂ ಹನ್ನೆರಡು ಅಂಕಿ. ಸಾರಜನಕ ಎಷ್ಟು, ರಂಜಕ ಎಷ್ಟು, ಸತು ಎಷ್ಟು... ಅವಳು ಹೊಡೆದ ಅಂಕಿ ನೋಡಿಯೇ ಅವರು ಹೊಲಕ್ಕೆ ಗೊಬ್ಬರ ಹಾಕಬೇಕು. ಹೋದ ವಾರ ಬೆರಳು ಜಾರಿ ಮಾಪಣ್ಣ ಎಂಬ ರೈತನ ಮಣ್ಣಿನ ಕಾರ್ಡಿನಲ್ಲಿ ಆರು ಇದ್ದದ್ದು ಒಂಬತ್ತಾಗಿತ್ತು. ತಾನೇ ಕಂಡುಹಿಡಿದು, ಫೋನು ಮಾಡಿ ತಿದ್ದಿಸಿದ್ದಳು. ಆದರೂ ಮೇಲಧಿಕಾರಿ ಯಶವಂತ ಮುಖಕ್ಕೇ ಹೇಳಿದ್ದ: "ಎರಡು ತಿಂಗಳು ನೋಡ್ತೀನಮ್ಮ. ಆಗಲಿಲ್ಲಂದ್ರ ನೀ ಮಣ್ಣಿನ ಚೀಲ ಇಸಕೊಳ್ಳೋ ಕೌಂಟರಿಗೆ ಹೋಗು."

"ಲ್ಯಾಪ್‌ಟಾಪಿನ್ಯಾಗ ನಂಬರ್ ಪ್ಯಾಡೇ ಇಲ್ಲ," ಎಂದಳು. "ದೊಡ್ಡ ಕೀಬೋರ್ಡ್ ತಂದ್ರ ಕೈ ಚಾಚಿ ಚಾಚಿ ಭುಜ ನೋಯ್ತದ. ಸಣ್ಣದಿರಬೇಕು, ನಂಬರ್ ಪ್ಯಾಡೂ ಇರಬೇಕು. ಅಂಥದು ಆಗ್ತದೇನ್ರಿ?"

ಮೌನೇಶ ರಟ್ಟಿನ ಮೇಲಿನ ಕೈಯನ್ನೇ ನೋಡುತ್ತಿದ್ದ.

"ಆಗ್ತದ," ಎಂದ.

ಮುಂದಿನ ಎರಡು ಶನಿವಾರ ಅವಳು ಕಲಬುರಗಿಗೆ ಹೋದಳು. ಬೇಡದ ಕೀಗಳನ್ನೆಲ್ಲ ಕಿತ್ತು, ಅಕ್ಷರಗಳ ಮಗ್ಗುಲಿಗೇ ನಂಬರ್ ಪ್ಯಾಡನ್ನು ಒತ್ತಿ ಕೂರಿಸಿದ್ದ ಮೌನೇಶ. ಮೂರು, ಆರು, ಒಂಬತ್ತರ ಸಾಲನ್ನು ಮಧ್ಯದ ಬೆರಳಿಗೆ ಎಟುಕುವಂತೆ ಸ್ವಲ್ಪ ಕೆಳಗಿಳಿಸಿದ್ದ. ಕಿರುಬೆರಳು ಹೊಡೆಯಬೇಕಾದ ಎಂಟರ್ ಕೀ ಈಗ ಹೆಬ್ಬೆರಳಿನ ಬುಡಕ್ಕೆ ಬಂದಿತ್ತು. ಸ್ವಿಚ್ಚುಗಳನ್ನು ಒಂದೊಂದಾಗಿ ಒತ್ತಿಸಿ, "ಇದು ಹಗುರೇನು? ಇದು?" ಎಂದು ಕೇಳುತ್ತಿದ್ದ. ಪರ್ವೇಜ್ ಚಹಾ ತರಿಸುತ್ತಿದ್ದ. ಚಹಾ ಆರುತ್ತಿತ್ತು, ಇವರ ಮಾತು ಮುಗಿಯುತ್ತಿರಲಿಲ್ಲ.

ಎರಡನೆಯ ಶನಿವಾರ ಅವಳು ಹತ್ತು ನಿಮಿಷ ಒಂದೇ ಸಮನೆ ಅಂಕಿ ಹೊಡೆದಳು. ಮಣಿಕಟ್ಟಿನಿಂದ ಮೊಣಕೈಯವರೆಗೆ ಬೆಂಕಿಯಂಥ ನೋವು. ಆದರೂ ನಕ್ಕು, "ಛಲೋ ಅದ್ರಿ," ಎಂದಳು.

ಮೌನೇಶ ನಗಲಿಲ್ಲ. "ಮುಂದಿನ ವಾರ ಬರ್ರಿ," ಎಂದಷ್ಟೇ ಹೇಳಿದ.

ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಅವಳು ಯೋಚಿಸಿದಳು. 'ಶನಿವಾರ ಇನ್ನೂ ಏಳು ದಿನ ದೂರ. ನಾ ಯಾಕ ಎಣಿಸಾಕತ್ತೀನಿ?'

ಆ ಶನಿವಾರ ಬಂತು. ಕೀಬೋರ್ಡ್ ತಯಾರಾಗಿತ್ತು. ಎರೆಮಣ್ಣಿನ ಬಣ್ಣದ ಚೌಕಟ್ಟು, ಬಿಳಿಜೋಳದ ಬಣ್ಣದ ಕೀಗಳು. ವಿದ್ಯಾವತಿ ಆಸೆಯಿಂದ ಹತ್ತಿರ ಬಂದಳು... ಅಲ್ಲೇ ನಿಂತಳು.

ನಂಬರ್ ಪ್ಯಾಡ್ ಎಡಗಡೆ ಇತ್ತು.

"ಇದೇನ್ರಿ?"

"ಎಡಗೈಲೆ ಹೊಡೀಬಹುದು. ನೋವು ಆಗಂಗಿಲ್ಲ ನಿಮಗ."

"ನಾ ಕೇಳಿದ್ನೇನು?" ಅವಳು ಒಂದು ಹೆಜ್ಜೆ ಹಿಂದೆ ಸರಿದಳು. "ವರ್ಷದಿಂದ ದಿನಾ ಮುಂಜಾನೆ ಬಿಸಿನೀರಾಗ ಕೈ ಇಟ್ಟು ಕಣ್ಣೀರು ಹಾಕ್ತೀನಿ, ಈ ಬೆರಳು ಇವತ್ತಲ್ಲ ನಾಳೆ ಮಡಚ್ತಾವ ಅಂತ. ಡಾಕ್ಟರ್ ಸುದ್ದಾ ಇನ್ನೂ ಆಗಂಗಿಲ್ಲ ಅಂದಿಲ್ಲ. ನೀವು ಅಂದುಬಿಟ್ರಿ. ಒಂದು ಮಾತೂ ಕೇಳದೆ, ನನ್ನ ಕೈ ಮುಗೀತು ಅಂತ ಬರದುಬಿಟ್ರಿ."

"ವಿದ್ಯಾ, ಹಂಗಲ್ಲ..."

"ನನ್ನ ಮ್ಯಾಲೆ ಕನಿಕರ ಬ್ಯಾಡ."

ಕೀಬೋರ್ಡನ್ನು ಅಲ್ಲೇ ಬಿಟ್ಟು ಮೆಟ್ಟಿಲಿಳಿದಳು. ಅವನು ಮೊದಲ ಸಲ ತನ್ನನ್ನು 'ವಿದ್ಯಾ' ಎಂದು ಕರೆದದ್ದು ನೆನಪಾದಾಗ ಬಸ್ಸು ಊರು ದಾಟಿತ್ತು.

ಹತ್ತು ದಿನ ಅವನಿಂದ ಫೋನೂ ಇಲ್ಲ, ಮೆಸೇಜೂ ಇಲ್ಲ. ಅವಳೂ ಮಾಡಲಿಲ್ಲ. ಹನ್ನೊಂದನೆಯ ದಿನ ಆಸ್ಪತ್ರೆಗೆ ಹೋದಾಗ, ವ್ಯಾಯಾಮ ಮಾಡಿಸುವ ಆಸ್ಫಿಯಾ ಅವಳ ಬೆರಳುಗಳನ್ನು ಬಹಳ ಹೊತ್ತು ಹಿಡಿದುಕೊಂಡು ಕೂತಳು.

"ನಿನಗ ಸುಳ್ಳು ಹೇಳಂಗಿಲ್ಲ ವಿದ್ಯಾ. ಇವು ಇಷ್ಟೇ. ಇನ್ನ ಇರೋ ಬೆರಳನ್ನ ಕಾಪಾಡು. ನೋವು ತಿಂದು ಕೆಲಸ ಮಾಡಿದ್ರ ಅವೂ ಹೋಗ್ತಾವ."

ವಿದ್ಯಾವತಿ ಅಳಲಿಲ್ಲ. ಮನೆಗೆ ಬಂದು ಅವ್ವ ಕಸ್ತೂರಿಬಾಯಿಯ ತೊಡೆಯ ಮೇಲೆ ತಲೆಯಿಟ್ಟ ಮೇಲೆ ಅತ್ತಳು. ಬೆರಳಿಗಾಗಿ ಅರ್ಧ... ಉಳಿದರ್ಧ ಯಾರಿಗಾಗಿ ಎಂದು ಅವ್ವ ಕೇಳಲಿಲ್ಲ.

ಮಾರನೆಯ ದಿನ ಹಬ್ಬದ ರಜೆ. ಮಧ್ಯಾಹ್ನ, ಊರಲ್ಲಿ ಮನೆ ಕೇಳಿಕೊಂಡು ಬಂದು ಬಾಗಿಲಲ್ಲಿ ಮೌನೇಶ ನಿಂತಿದ್ದ. ಕಂಕುಳಲ್ಲಿ ಒಂದು ಖಾಲಿ ಚೌಕಟ್ಟು, ಕೈಯಲ್ಲಿ ಕೀಗಳ ಡಬ್ಬಿ. ಬಿಸಿಲಿಗೆ ಮುಖ ಕೆಂಪಾಗಿತ್ತು.

"ಪೂರಾ ಬಿಚ್ಚಿ ತಂದೀನ್ರಿ," ಎಂದ ತಲೆ ತಗ್ಗಿಸಿ. "ಹೊಸದಾಗಿ ಕೊರದೀನಿ, ಎರಡೂ ಕಡೆ ಜಾಗ ಅದ. ನಂದು ತಪ್ಪಾತು, ಕೇಳಬೇಕಿತ್ತು. ಈ ಸಲ ನಾ ಏನೂ ಠರಾವು ಮಾಡಿಲ್ಲ. ಯಾವ ಕೀ ಎಲ್ಲಿ ಅಂತ ನೀವೇ ಹೇಳ್ರಿ."

ಕಸ್ತೂರಿಬಾಯಿ ಇಬ್ಬರ ಮುಖವನ್ನೂ ನೋಡಿ, "ಒಳಗ ಬಾರಪ್ಪ," ಎಂದು ನೀರು ತರಲು ಹೋದಳು.

ಪಡಸಾಲೆಯ ಚಾಪೆಯ ಮೇಲೆ ಚೌಕಟ್ಟನ್ನಿಟ್ಟುಕೊಂಡು ಇಬ್ಬರೂ ಕೂತರು. ವಿದ್ಯಾವತಿ ಡಬ್ಬಿಯಿಂದ 'ಐದು' ಎಂಬ ಕೀ ಹೆಕ್ಕಿದಳು. ಬಲಗಡೆಯ ಖಾಲಿ ಜಾಗದ ಮೇಲೆ ಒಮ್ಮೆ ಹಿಡಿದು ನೋಡಿದಳು.

ಅವಳು ಅದನ್ನು ಎಡಗಡೆ ಇಟ್ಟಳು.

"ವಿದ್ಯಾ... ನನ್ನ ಸಲುವಾಗಿ ಬ್ಯಾಡ."

"ನಿಮ್ಮ ಸಲುವಾಗಿ ಅಲ್ಲ. ನಿನ್ನೆ ಆಸ್ಪತ್ರ್ಯಾಗ ಆಸ್ಫಿಯಾ ಹೇಳಿದ್ಳು, ಇನ್ನ ಆಗಂಗಿಲ್ಲ ಅಂತ." ಅವಳ ಕಣ್ಣು ತುಂಬಿತು, ಆದರೆ ದನಿ ಗಟ್ಟಿಯಾಗಿತ್ತು. "ಎಂಟರ್ ಮಾತ್ರ ಬಲಗಡೆನೇ ಇರಲಿ. ಹೆಬ್ಬೆರಳಿಗೆ. ಆ ಕೈಗೂ ಒಂದು ಕೆಲಸ ಬೇಕು."

ಸಂಜೆಯವರೆಗೆ ಅವಳು ಹೇಳಿದಳು, ಅವನು ಕೂರಿಸಿದ. ಸೊನ್ನೆಯನ್ನು ಮೂರು ಸಲ ಸರಿಸಿದರು. ಪಾಯಿಂಟಿನ ಕೀಗೆ ಜಗಳವನ್ನೇ ಆಡಿದರು, ಕಸ್ತೂರಿಬಾಯಿ ಒಳಗಿಂದ ಇಣುಕಿ ನೋಡುವಷ್ಟು.

ಎಡಗೈ ಪಳಗಲು ಹನ್ನೆರಡು ದಿನ ಹಿಡಿಯಿತು. ಮೊದಲ ದಿನ ಏಳರ ಬದಲು ಒಂಬತ್ತು, ನಾಲ್ಕರ ಬದಲು ಆರು. ದಿನಾ ಸಂಜೆ ಮೌನೇಶನ ಫೋನು ಬರುತ್ತಿತ್ತು. "ಇವತ್ತೆಷ್ಟು ತಪ್ಪು?" "ಹದಿನಾಲ್ಕು." ಮರುದಿನ "ಒಂಬತ್ತು." ಆಮೇಲಾಮೇಲೆ ತಪ್ಪಿನ ಮಾತು ಬೇಗ ಮುಗಿದು, ಬೇರೆ ಮಾತೇ ಬೆಳೆಯುತ್ತಿತ್ತು.

ಗಡುವಿನ ಕೊನೆಯ ದಿನ ಯಶವಂತ ಅವಳ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತ. ನಲವತ್ತು ಕಾರ್ಡು. ಒಂದೊಂದನ್ನೂ ತಾನೇ ತಾಳೆ ನೋಡಿದ. ಕೊನೆಯ ಕಾರ್ಡು ಕೆಳಗಿಟ್ಟು, "ನಾಳೆಯಿಂದ ಹೊಸ ಹುಡುಗರಿಗೂ ನೀನೇ ಕಲಿಸು," ಎಂದು ಎದ್ದುಹೋದ.

ಹೊರಗೆ ಬಂದರೆ ರಸ್ತೆಯಾಚೆ ಮೌನೇಶ ನಿಂತಿದ್ದ. ಕೆಂಪು ಬಾಳೆಹಣ್ಣು ಮಾರುವ ಗಾಡಿಯ ಪಕ್ಕದಲ್ಲಿ, ಅಂಗಡಿ ಬಿಟ್ಟು ಬಂದವನ ಅಪರಾಧಿ ಮುಖ ಹೊತ್ತು.

"ಏನಾತು?"

"ಒಂದೂ ತಪ್ಪಿಲ್ಲ," ಎಂದಳು.

ಅವನ ಕಣ್ಣು ಒದ್ದೆಯಾಯಿತು. ಬಸ್‌ಸ್ಟ್ಯಾಂಡಿನವರೆಗೆ ಇಬ್ಬರೂ ಜೊತೆಯಾಗಿ ನಡೆದರು. ಬೇವಿನ ಮರದ ಕೆಳಗಿನ ಕಟ್ಟೆಯ ಹತ್ತಿರ ಅವಳೇ ನಿಂತಳು.

"ಒಂದು ಖರೇ ಹೇಳ್ರಿ. ಅವತ್ತು ಎಡಕ್ಕ ಯಾಕ ಮಾಡಿದ್ರಿ? ಕನಿಕರಕ್ಕೇನು?"

"ಕನಿಕರ ಆಗಿದ್ರ ನೀ ಹೇಳಿದಂಗ ಕೆಲಸ ಮುಗಿಸಿ ಕೊಟ್ಟು ಸುಮ್ನಿರ್ತಿದ್ದೆ," ಎಂದ ಮೌನೇಶ. "ನೀ ನೋವು ನುಂಗಿ ನಕ್ಕಿ ನೋಡು, 'ಛಲೋ ಅದ' ಅಂತ... ಅದನ್ನ ನೋಡಿ ನನಗ ಎರಡು ದಿನ ಊಟ ಸೇರಲಿಲ್ಲ. ನನ್ನ ಮುಂದ ಹಂಗ ಸುಳ್ಳು ನಗೋದು ಬ್ಯಾಡ ಇನ್ನ ಮ್ಯಾಲೆ. ನೋವಾದ್ರ ನೋವು ಅನ್ನು."

ಯಾರೂ ಅವಳಿಗೆ ಹಾಗೆ ಹೇಳಿರಲಿಲ್ಲ. ತಡೆದುಕೋ ಎಂದವರೇ ಎಲ್ಲ.

"ಅವತ್ತಿನಿಂದ ಇವತ್ತಿನ ತನಕ ನೋವಾಗ್ಯದ," ಎಂದಳು ಮೆಲ್ಲಗೆ. "ನೀವು ಹತ್ತು ದಿನ ಫೋನ್ ಮಾಡಲಿಲ್ಲಲ್ಲ, ಅದು."

"ಹೆದರಿಕಿ ಆಗಿತ್ತು."

"ಈಗ?"

"ಈಗೂ ಅದ. ಆದ್ರ ಈ ಸಲ ಕೇಳ್ತೀನಿ." ಅವನು ಅವಳ ಎದುರಿಗೆ ಬಂದು ನಿಂತ. "ನಾಳೆ ನಮ್ಮ ಅವ್ವನ್ನ ನಿಮ್ಮ ಮನಿಗೆ ಕರಕೊಂಡು ಬರಲೇನು?"

ವಿದ್ಯಾವತಿ ಮುಖ ತಿರುಗಿಸಿ, ಬರುತ್ತಿದ್ದ ಬಸ್ಸನ್ನು ನೋಡಿದಳು. ಕೆನ್ನೆ ಬಿಸಿಯಾಗಿತ್ತು.

"ನಾಳೆ ಬ್ಯಾಡ. ನಾಳೆ ನನಗ ಡ್ಯೂಟಿ ಅದ."

ಮೌನೇಶನ ಮುಖ ಸಣ್ಣದಾಯಿತು.

"ಐತಾರ ರಜಾ, ಅವತ್ತು ಬರ್ರಿ," ಎಂದಳು ನಗುತ್ತ. "ಇಡೀ ದಿನ ಮನ್ಯಾಗೇ ಇರ್ತೀನಿ."