ಮೆಲ್ಕಿ ಅಜ್ಜನ ಗಂಟು

"ನಾನು ಬರೋ ತನಕ ಆ ಮರ ಯಾರೂ ಮುಟ್ಟಬಾರ್ದು ನರ್ಸಮ್ಮ. ಗಂಟು ಹಾಕಿದ್ದು ಈ ಕೈ. ಬಿಚ್ಚೋದೂ ಇದೇ ಕೈ. ಬೇರೆಯವ್ರಿಂದ ಆಗಲ್ಲ."

ಮೆಲ್ಕಿ ಅಜ್ಜ ದೋಣಿಯಲ್ಲಿ ಕೂತು ಬಲಗೈ ಎತ್ತಿ ತೋರಿಸಿದ. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಹಾಗಾಗಿ ಕೈ ತೋರಿಸಿದ್ದು ನರ್ಸಿಗಲ್ಲ, ಅವಳ ಪಕ್ಕದ ಖಾಲಿ ಜಾಗಕ್ಕೆ. ನರ್ಸ್ ಸೆಲ್ಫಿನಾಗೆ ನಗು ತಡೆಯಲಾಗಲಿಲ್ಲ.

"ಆಯ್ತಜ್ಜ, ನಿಮ್ಮ ಮರಕ್ಕೆ ನಾನೇ ಕಾವಲು. ಮೊದ್ಲು ಕಣ್ಣು ಮಾಡಿಸ್ಕೊಂಡು ಬನ್ನಿ. ಆಮೇಲೆ ನೀವು ಕಟ್ಟಿರೋದು ಬರೀ ಒಣಮೀನು ಅಂತ ನಿಮಗೇ ಕಾಣುತ್ತೆ."

ದಡದಲ್ಲಿದ್ದ ನಾವು ಯಾರೂ ನಗಲಿಲ್ಲ. ದೋಣಿ ಹವಳದ ದಿಬ್ಬ ದಾಟಿ ಹಡಗು ಮುಟ್ಟಿತು. ಅಜ್ಜನನ್ನು ಮೇಲಕ್ಕೆಳೆದುಕೊಂಡು ಹಡಗು ತುವಾಲ್ ಪಟ್ಟಣದ ಕಡೆ ತಿರುಗಿತು. ಮತ್ತೆ ಅದು ಬರುವುದು ಮೂರು ವಾರಕ್ಕೆ.

ಸೆಲ್ಫಿನಾ ಆಂಬೋನ್ ನಗರದ ಹುಡುಗಿ. ನಮ್ಮ ದ್ವೀಪಕ್ಕೆ ಬಂದು ಎರಡು ತಿಂಗಳಾಗಿತ್ತು. ಕೈ ಚುರುಕು, ನಾಲಿಗೆ ಅದಕ್ಕಿಂತ ಚುರುಕು. ಹಟ ಹಿಡಿದು ಅಜ್ಜನನ್ನು ಆಪರೇಷನ್ನಿಗೆ ಒಪ್ಪಿಸಿದ್ದೂ ಅವಳೇ. ಒಳ್ಳೆಯ ಮನಸ್ಸಿನವಳಲ್ಲ ಎಂದು ಯಾರೂ ಹೇಳುವಂತಿಲ್ಲ. ಆದರೆ ಮಟಕಾವ್, ಅಂದರೆ ಮರ ಕಾಯುವ ಶಾಪದ ಗಂಟು, ಅವಳಿಗೆ ತಮಾಷೆ. ಮೈಯುಬ್ಬಿಸಿಕೊಂಡೇ ಸತ್ತ ಮುಳ್ಳುಮೀನನ್ನು ಒಣಗಿಸಿ, ಕೆಂಪು ದಾರ ಸುತ್ತಿ, ಮಂತ್ರ ಹೇಳಿ ಅಜ್ಜ ಆಸ್ಪತ್ರೆಯ ಪಕ್ಕದ ತನ್ನ ತೆಂಗಿನ ಮರಕ್ಕೆ ಬಿಗಿದಿದ್ದ. ಕದ್ದವರ ಹೊಟ್ಟೆ ಆ ಮೀನಿನಂತಾಗುತ್ತದೆ. ಗಾಳಿ ಬಂದರೆ ಅದು ಕಾಂಡಕ್ಕೆ ತಾಗಿ ಟೊಕ್ ಟೊಕ್ ಅನ್ನುತ್ತಿತ್ತು. ಆ ಸದ್ದಿಗೆ ನಮ್ಮೂರ ಮಕ್ಕಳು ಬಳಸುದಾರಿ ಹಿಡಿಯುತ್ತಿದ್ದರು. ನರ್ಸಮ್ಮ ಅದರ ಕೆಳಗೇ ಹಗ್ಗ ಕಟ್ಟಿ ಬಟ್ಟೆ ಒಣಹಾಕುತ್ತಿದ್ದಳು.

ಆ ವರ್ಷ ಪೂರ್ವದ ಗಾಳಿ ಬೇಗ ಎದ್ದಿತು. ಹನಿ ಮಳೆಯಿಲ್ಲ. ಬಾವಿಗಳು ಉಪ್ಪಾದವು. ಊರಿನ ತೆಂಗಿನ ಸುಳಿಗಳನ್ನೆಲ್ಲ ದುಂಬಿ ಕೊರೆದು ಹಾಕಿತ್ತು. ಎಳನೀರು ಉಳಿದದ್ದು ಅಜ್ಜನ ಆ ಒಂದೇ ಮರದಲ್ಲಿ. ದುಂಬಿಗೂ ಮಟಕಾವ್ ಭಯ ಎಂದು ಹೆಂಗಸರು ಗೊಣಗಿಕೊಂಡರು.

ಅಜ್ಜ ಹೋದ ಐದನೇ ದಿನ ಯಾಕೋಬಾ ತನ್ನ ನಾಲ್ಕು ವರ್ಷದ ಮಗಳು ನೆಲ್ಚಿಯನ್ನು ಹೆಗಲ ಮೇಲೆ ಹಾಕಿಕೊಂಡು ಆಸ್ಪತ್ರೆಗೆ ಓಡಿ ಬಂದಳು. ಗಂಡನನ್ನು ಸಮುದ್ರ ಕೊಂಡೊಯ್ದ ಮೇಲೆ ಅವಳಿಗಿದ್ದದ್ದು ಆ ಮಗು ಒಂದೇ. ಎರಡು ದಿನದಿಂದ ವಾಂತಿ, ಭೇದಿ. ಕಣ್ಣು ಗುಳಿ ಬಿದ್ದಿತ್ತು. ಚಿವುಟಿದ ಚರ್ಮ ಚಿವುಟಿದ ಹಾಗೇ ನಿಲ್ಲುತ್ತಿತ್ತು. ಆಸ್ಪತ್ರೆಯ ಡ್ರಿಪ್ ಬಾಟಲಿಗಳು ಹಿಂದಿನ ವಾರವೇ ಖಾಲಿಯಾಗಿದ್ದವು. ಬಾವಿ ನೀರು ಕುಡಿಸಿದರೆ ಕುಡಿಸಿದಷ್ಟೂ ಹೊರಗೆ. ಅಜ್ಜನ ಮರದ ಎಳನೀರು ಕೊಯ್ಯಲು ಸೆಲ್ಫಿನಾ ಗಳುವಿಗೆ ಕತ್ತಿ ಕಟ್ಟತೊಡಗಿದಳು.

"ಬೇಡ ನರ್ಸಮ್ಮ," ಎಂದ ದೋಣಿಯ ಸೆಪ್ನಾತ್. "ಅಜ್ಜ ಊರಲ್ಲಿದ್ದಿದ್ರೆ ಕಾಲು ಹಿಡಿದು ಬಿಚ್ಚಿಸ್ಬಹುದಿತ್ತು. ಈಗ ಬಿಚ್ಚೋರು ಯಾರು?"

"ಮಗು ಸಾಯ್ತಿದೆ ಕಣ್ರೀ! ಒಣಮೀನಿಗೆ ಹೆದರ್ಕೊಂಡು ಕೂತ್ಕೊಳ್ಳಾ? ಶಾಪ ಬಂದ್ರೆ ನಂಗೇ ಬರ್ಲಿ. ಕೊಯ್ಯೋಳು ನಾನು."

ಯಾಕೋಬಾ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಳು.

ನೆಲ್ಚಿ ಚಮಚ ಚಮಚವಾಗಿ ಎಳನೀರು ಕುಡಿದಳು. ಸಂಜೆಯ ಹೊತ್ತಿಗೆ ಎದ್ದು ಕೂತು ಮರಗೆಣಸಿನ ರೊಟ್ಟಿ ಕೇಳಿದಳು. "ನೋಡಿದ್ರಾ?" ಎಂದು ಸೆಲ್ಫಿನಾ ಊರಿಗೆಲ್ಲ ಕೇಳುವಂತೆ ನಕ್ಕಳು. ನಮಗೂ ಅರೆಕ್ಷಣ ಅವಳನ್ನು ನಂಬಬೇಕು ಅನ್ನಿಸಿತು.

ಎಳನೀರು ಕುಡಿದ ಮೂರನೇ ದಿನ ಮಗುವಿನ ಹೊಟ್ಟೆ ಉಬ್ಬಿತು. ಜಂತು ಎಂದು ಸೆಲ್ಫಿನಾ ಮಾತ್ರೆ ಕೊಟ್ಟಳು. ಆರನೇ ದಿನಕ್ಕೆ ಚರ್ಮ ಬಿಗಿದು ಮಿಂಚತೊಡಗಿತು, ನೀಲಿ ನರಗಳು ಎದ್ದು ಕಂಡವು. ಕೈಕಾಲು ಕಡ್ಡಿ. ಉಸಿರಿನಲ್ಲಿ ಬಿಸಿಲಿಗೆ ಒಣಗಿದ ಮೀನಿನ ನಾತ. ಸೆಲ್ಫಿನಾ ಬೆರಳಿನಿಂದ ಹೊಟ್ಟೆ ತಟ್ಟಿ ನೋಡಿದಳು.

ಟೊಕ್.

ಅವಳು ಕೈ ಹಿಂದಕ್ಕೆಳೆದುಕೊಂಡಳು. ಕಿಟಕಿಯಾಚೆ, ಗಾಳಿಯೇ ಇಲ್ಲದ ಮಧ್ಯಾಹ್ನದಲ್ಲಿ, ಮರದ ಮೇಲಿನಿಂದ ಉತ್ತರ ಬಂತು. ಟೊಕ್.

ದೊಡ್ಡ ಸೂಜಿ ತೆಗೆದಳು. ಬೇರೆ ದಾರಿ ತೋಚಲಿಲ್ಲ. ಚುಚ್ಚಿದ ಜಾಗದಿಂದ ಕೀವು ಬರಲಿಲ್ಲ, ರಕ್ತ ಬರಲಿಲ್ಲ. ತಿಳಿ ನೀರು ಬಂತು. ಬೋಗುಣಿ ತುಂಬಿತು. ಕೋಣೆಯ ತುಂಬ ಆಗಷ್ಟೇ ಕೊಚ್ಚಿದ ಎಳನೀರಿನ ವಾಸನೆ. ಸೆಲ್ಫಿನಾ ಬೆರಳನ್ನು ಅದ್ದಿ ನಾಲಿಗೆಗೆ ಮುಟ್ಟಿಸಿದಳು. ಸಿಹಿಯಾಗಿತ್ತು.

ಹೊಟ್ಟೆ ಇಳಿಯಿತು. ಮರುದಿನ ಮತ್ತೆ ತುಂಬಿತು. ಮೊದಲು ದಿನಕ್ಕೊಮ್ಮೆ ತೆಗೆದರೆ ಸಾಕಿತ್ತು, ಆಮೇಲೆ ಎರಡು ಸಲ. ತೆಗೆದಷ್ಟೂ ಮಗು ಬತ್ತುತ್ತಿತ್ತು.

ಒಂದು ದಿನ ಸೆಲ್ಫಿನಾ ತಲೆ ಕೆಟ್ಟವಳಂತೆ ಕತ್ತಿ ಹಿಡಿದು ಮರಕ್ಕೆ ನುಗ್ಗಿದಳು. ಅಲಗು ಕೆಂಪು ದಾರಕ್ಕೆ ತಾಗಿತು. ಆಸ್ಪತ್ರೆಯ ಒಳಗಿಂದ ನೆಲ್ಚಿ ಚೀರಿದಳು. ಕತ್ತಿ ತೆಗೆದಳು. ಚೀರಾಟ ನಿಂತಿತು. ಮತ್ತೆ ತಾಗಿಸಿದಳು. ಮತ್ತೆ ಚೀರಿದಳು. ದಾರದ ಒಂದು ಎಳೆಯೂ ಹರಿದಿರಲಿಲ್ಲ. ಕತ್ತಿ ಕೈ ಜಾರಿತು. ಅವಳು ಅದನ್ನು ಅಲ್ಲೇ ಬಿಟ್ಟು ಮಗುವಿನ ಬಳಿಗೆ ಓಡಿದಳು.

"ಕೊಯ್ದೋಳು ನಾನಲ್ವಾ?" ಎಂದು ಯಾಕೋಬಾಳನ್ನು ಕೇಳಿದಳು. "ನಂಗ್ಯಾಕೆ ಏನೂ ಆಗ್ಲಿಲ್ಲ?"

"ಕೊಯ್ದೋರಿಗಲ್ಲಮ್ಮ, ಕುಡಿದೋರಿಗೆ."

"ಗೊತ್ತಿದ್ದೂ ಸುಮ್ನಿದ್ರಾ?"

"ಅವತ್ತೇ ಹೋಗೋ ಮಗು ಅದು. ಹಡಗು ಬರೋ ತನಕ ಉಳಿದ್ರೆ ಅಜ್ಜ ಬಿಚ್ತಾನೆ ಅನ್ಕೊಂಡೆ."

ಆಮೇಲೆ ಊರಿಗೆಲ್ಲ ಅದೊಂದೇ ಲೆಕ್ಕ. ಹಡಗು ಬಂದರೆ ಅಜ್ಜ ಬರುತ್ತಾನೆ. ಅಜ್ಜನ ಕೈಲಾಗದಿದ್ದರೆ ಅದೇ ಹಡಗಿನಲ್ಲಿ ಮಗುವನ್ನು ದೊಡ್ಡಾಸ್ಪತ್ರೆಗೆ ಸಾಗಿಸುವುದು. ಸೆಲ್ಫಿನಾ ಊಟ ಬಿಟ್ಟಳು, ಮಗುವಿನ ಪಕ್ಕದಿಂದ ಕದಲಲಿಲ್ಲ. ಅವಳ ಬಾಯಲ್ಲಿ ಪ್ರಾರ್ಥನೆ ಕೇಳಿದ್ದು ನಾವು ಅದೇ ಮೊದಲು.

ಅಜ್ಜ ಹೋದ ಇಪ್ಪತ್ತೊಂದನೇ ದಿನ ಬೆಳಿಗ್ಗೆ ಹಡಗು ಕಂಡಿತು. ಇಡೀ ಊರು ದಡದಲ್ಲಿತ್ತು. ಸಮುದ್ರ ಕುದಿಯುತ್ತಿತ್ತು. ಹವಳದ ದಿಬ್ಬದ ಮೇಲೆ ಅಲೆಗಳು ಮನೆಯೆತ್ತರ ಎದ್ದು ಬೀಳುತ್ತಿದ್ದವು. ಹಡಗು ದೂರದಲ್ಲೇ ನಿಂತಿತು. ಕಟಕಟೆ ಹಿಡಿದು ನಿಂತ ಅಜ್ಜ ಕಂಡ. ಕಣ್ಣಿಗೆ ಕಪ್ಪು ಕನ್ನಡಕ. ಅವನಿಗೆ ಈಗ ಕಣ್ಣು ಕಾಣುತ್ತಿತ್ತು. ಸೆಲ್ಫಿನಾ ಮಗುವನ್ನು ಎರಡೂ ಕೈಯಲ್ಲಿ ಮೇಲಕ್ಕೆತ್ತಿದಳು. ಆ ಹೊಟ್ಟೆಯನ್ನು ಅಜ್ಜ ನೋಡಿದ. ನೋಡಿದ್ದು ನಮಗೆ ಗೊತ್ತಾಯಿತು. ಅವನು ಕಟಕಟೆ ಹತ್ತತೊಡಗಿದ.

ಸೆಪ್ನಾತ್ ಮೂವರನ್ನು ಕರೆದುಕೊಂಡು ದೋಣಿ ನೂಕಿದ. ಮೊದಲ ಅಲೆ ಹತ್ತಿಳಿದರು. ಎರಡನೆಯದು ದೋಣಿಯನ್ನು ನೆಟ್ಟಗೆ ನಿಲ್ಲಿಸಿತು. ಮೂರನೆಯದು ಮಗುಚಿತು. ಹಲಗೆ ಮುರಿದ ಸದ್ದು ದಡಕ್ಕೆ ಕೇಳಿಸಿತು. ನಾಲ್ವರೂ ಮೈಯೆಲ್ಲ ರಕ್ತವಾಗಿ ತೆವಳಿ ಬಂದರು. ಇನ್ನೊಂದು ದೋಣಿ ನೂಕಿದೆವು. ಅದು ಮೊದಲ ಅಲೆಗೇ ಹೋಯಿತು. ಹಡಗು ಕೂಗಿತು. ಅಜ್ಜ ಒಂದು ಕಾಲು ಆಚೆ ಹಾಕಿದ್ದ. ಇಬ್ಬರು ಖಲಾಸಿಗಳು ಅವನ ಸೊಂಟ ಹಿಡಿದು ಎಳೆದರು.

"ಬಿಡ್ರೋ! ಅವ್ರನ್ನ ಬಿಡ್ರೋ!" ಸೆಲ್ಫಿನಾ ಮಗುವನ್ನು ಎದೆಗವಚಿಕೊಂಡು ನೀರಿಗೆ ಇಳಿದಳು. ಮಂಡಿ. ಸೊಂಟ. ಎದೆ. ಅಲೆ ಎತ್ತಿ ಒಗೆಯಿತು. ಎದ್ದಳು. ಮತ್ತೆ ಒಗೆಯಿತು. ನಾವು ಅವಳ ಜಡೆ ಹಿಡಿದು ಎಳೆದು ತಂದೆವು. ಹಡಗು ಎರಡನೇ ಸಲ ಕೂಗಿತು. ಮೂರನೇ ಸಲ ಕೂಗಿತು. ಮೂತಿ ತಿರುಗಿಸಿತು.

ಅಜ್ಜ ಏನೋ ಒದರುತ್ತಿದ್ದ. ಗಾಳಿ ನಮ್ಮ ಕಡೆಯೇ ಬೀಸುತ್ತಿದ್ದರೂ ಅಲೆಯ ಅಬ್ಬರದಲ್ಲಿ ಒಂದು ಮಾತೂ ಕೇಳಲಿಲ್ಲ. ಹಡಗು ಚಿಕ್ಕದಾಗಿ, ಹೊಗೆಯಾಗಿ, ಇಲ್ಲವಾಯಿತು.

ಯಾಕೋಬಾ ಮಗುವನ್ನು ಮಡಿಲಿಗೆ ತೆಗೆದುಕೊಂಡಳು. ಸೆರಗಿನಂತೆ ಹೊದ್ದಿದ್ದ ಬಟ್ಟೆಯಿಂದ ಮಗುವಿನ ಮುಖಕ್ಕೆ ನೆರಳು ಮಾಡಿದಳು.

"ಮತ್ತೆ ಯಾವಾಗ ನರ್ಸಮ್ಮ, ಹಡಗು?"

ಈ ದ್ವೀಪದಲ್ಲೇ ಹುಟ್ಟಿ ಬೆಳೆದ ಯಾಕೋಬಾಳಿಗೆ ಅದು ಗೊತ್ತಿಲ್ಲದ್ದೇನಲ್ಲ. ಆದರೂ ನಾವೆಲ್ಲ ಸೆಲ್ಫಿನಾಳ ಬಾಯಿಯನ್ನೇ ನೋಡಿದೆವು, ಬೇರೆ ಏನಾದರೂ ಹೇಳುತ್ತಾಳೇನೋ ಎಂದು.

"ಮೂರು ವಾರ," ಎಂದಳು ಅವಳು. ಎದ್ದು ಸೂಜಿ, ಬೋಗುಣಿ ತರಲು ಹೋದಳು.