ಊಟದ ಮೇಜಿನ ವೈಬ್ಸ್

"ಸಾಕು, ನಿಲ್ಸಿ," ಎಂದು ಮ್ಯೂಸಿಕ್ ಮಿಸ್ ಕೈ ಎತ್ತಿದರು.

ಡ್ರಮ್ಸ್ ನಿಂತಿತು. ಲಂಬುವಿನ ಡಬಲ್ ಬೇಸ್ ನಿಂತಿತು. ತನಗಿಂತ ಎತ್ತರದ ಆ ತಂತಿವಾದ್ಯವನ್ನು ತಬ್ಬಿಕೊಂಡು ನುಡಿಸಲು ಇಡೀ ಶಾಲೆಯಲ್ಲಿ ಅವನೊಬ್ಬನಿಗೇ ಆಗುತ್ತಿತ್ತು. ಜೀರುಂಡೆಯ ಕೈಗಳು ಮಾತ್ರ ಇನ್ನೂ ಓಡುತ್ತಿದ್ದವು. ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆಂದು ಗೊತ್ತಾದ ಮೇಲೆ ಅವೂ ನಿಂತವು.

ಜೀರುಂಡೆ ಅವಳ ನಿಜವಾದ ಹೆಸರಲ್ಲ. ಕೂತಲ್ಲಿ ನಿಂತಲ್ಲಿ ಏನಾದರೂ ಸದ್ದು ಮಾಡುತ್ತಲೇ ಇರುತ್ತಾಳೆಂದು ಅಜ್ಜ ಇಟ್ಟ ಹೆಸರು. ಅಂಡು ಸುಟ್ಟ ಬೆಕ್ಕಿಗಾದರೂ ಒಂದು ಗಳಿಗೆ ತಾಳ್ಮೆ ಇರುತ್ತದೆ, ಇವಳಿಗಿಲ್ಲ ಎನ್ನುತ್ತಿದ್ದರು ಅಜ್ಜ.

ಅವಳ ಮುಂದಿದ್ದದ್ದು ವೈಬ್ರಫೋನ್. ಮಕ್ಕಳೆಲ್ಲ ವೈಬ್ಸ್ ಎನ್ನುತ್ತಿದ್ದರು. ಸಾಲಾಗಿ ಲೋಹದ ಪಟ್ಟಿಗಳು, ಕೆಳಗೆ ಕೊಳವೆಗಳು. ನೂಲು ಸುತ್ತಿದ ಕೋಲಿನಿಂದ, ಅಂದರೆ ಮ್ಯಾಲೆಟ್‌ನಿಂದ, ಪಟ್ಟಿಗೆ ಒಂದೇಟು ಕೊಟ್ಟು ಕಾಲಡಿಯ ಪೆಡಲ್ ಒತ್ತಿಹಿಡಿದರೆ ಸ್ವರ ಬೇಗ ನಿಲ್ಲುವುದಿಲ್ಲ. ನಿದ್ದೆಗಣ್ಣಲ್ಲಿ ನಡೆಯುವವರ ಹಾಗೆ ತೂಗಾಡುತ್ತ ಕೋಣೆಯೆಲ್ಲ ಸುತ್ತುತ್ತದೆ.

"ನಿನ್ನ ಒಂದು ಸ್ವರ ಇನ್ನೂ ಬಾಗಿಲು ದಾಟಿಲ್ಲ, ಅಷ್ಟರಲ್ಲಿ ಅದರ ಹಿಂದೆ ಹತ್ತು ಜನ ನುಗ್ತಾರೆ. ಒಂದೂ ಸರಿಯಾಗಿ ಕೇಳ್ಸಲ್ಲ ಮರಿ," ಎಂದರು ಮಿಸ್.

ಮಕ್ಕಳು ನುಡಿಸುತ್ತಿದ್ದದ್ದು ಜಾಝ್ ಸಂಗೀತ. ಅದರಲ್ಲಿ ಸೋಲೋ ಎಂಬ ಒಂದು ಜಾಗ ಬರುತ್ತದೆ. ಅಲ್ಲಿಗೆ ಯಾರೂ ಏನೂ ಬರೆದುಕೊಟ್ಟಿರುವುದಿಲ್ಲ. ಉಳಿದವರು ಹಿಂದೆ ಮೆಲ್ಲಗೆ ನುಡಿಸುತ್ತಿದ್ದರೆ, ಒಬ್ಬರು ಮನಸ್ಸಿಗೆ ತೋಚಿದ್ದನ್ನು ಅಲ್ಲೇ ಕಟ್ಟುತ್ತ ಹೋಗಬೇಕು. ನಾಳೆ ಸಂಜೆಯ ಪ್ರೋಗ್ರಾಂನಲ್ಲಿ ಆ ಜಾಗ ಜೀರುಂಡೆಯದು. ಆದರೆ ಹೀಗೇ ಆದರೆ ಸೋಲೋವನ್ನು ಲಂಬುವಿಗೆ ಕೊಡಬೇಕಾಗುತ್ತದೆ, ನಾಳೆ ಶುರುವಿಗೆ ಮುಂಚೆ ಇನ್ನೊಂದು ಸಲ ಕೇಳುತ್ತೇನೆ ಎಂದರು ಮಿಸ್. ಗದರಿಸಿ ಹೇಳಿದ್ದರೆ ಪರವಾಗಿರಲಿಲ್ಲ. ಮೆತ್ತಗೆ ಹೇಳಿದರು.

ಮನೆಯಲ್ಲಿ ವೈಬ್ಸ್ ಇರಲಿಲ್ಲ. ಊಟದ ಮೇಜಿನ ಮೇಲೆ ಅವಳು ರಟ್ಟಿನ ಪಟ್ಟಿಗಳನ್ನು ಅಂಟಿಸಿದ್ದಳು. ಪೆನ್ಸಿಲ್‌ಗಳ ತುದಿಗೆ ಉಲ್ಲನ್ ಸುತ್ತಿ ಮ್ಯಾಲೆಟ್ ಮಾಡಿಕೊಂಡಿದ್ದಳು. ಮೇಜು ಪಾಪ, ಟಕ್ ಎಂದು ಸುಮ್ಮನಾಗುತ್ತಿತ್ತು. ಸುಮ್ಮನಿರುವುದೆಂದರೆ ಜೀರುಂಡೆಗೆ ಆಗದು. ತಕ್ಷಣ ಇನ್ನೊಂದು ಟಕ್, ಅದರ ಹಿಂದೆ ಮತ್ತೊಂದು. ಹೀಗೆ ತುಂಬಿಸಿ ತುಂಬಿಸಿ ಅವಳ ಕೈಗೆ ಓಟವೇ ಅಭ್ಯಾಸವಾಗಿಬಿಟ್ಟಿತ್ತು.

ಆ ಸಂಜೆ ಇನ್ನೂ ಜೋರಾಗಿ ಓಡಿಸಿದಳು. ತೊಟ್ಟಿಲಲ್ಲಿದ್ದ ತಮ್ಮ ಎದ್ದು ಅಳತೊಡಗಿದ.

ಅಮ್ಮ ಬಯ್ಯಲಿಲ್ಲ. ಮಗುವನ್ನು ಹೆಗಲಿಗೆ ಹಾಕಿಕೊಂಡು ಕಿಟಕಿಯ ಹತ್ತಿರ ಕೂತು ಬೆನ್ನು ತಟ್ಟತೊಡಗಿದಳು. ಮೊದಲು ಬೇಗ ಬೇಗ. ಆಮೇಲೆ ನಿಧಾನ. ಆಮೇಲೆ ಇನ್ನೂ ನಿಧಾನ. ಕೊನೆಗೆ ಅಮ್ಮನ ಕೈ ಗಾಳಿಯಲ್ಲೇ ನಿಂತಿತು.

"ಯಾಕಮ್ಮ ನಿಲ್ಸಿದೆ?" ಎಂದು ಜೀರುಂಡೆ ಪಿಸುಗುಟ್ಟಿದಳು.

"ನಿಲ್ಸಿಲ್ಲ. ಹಿಂದೆ ತಟ್ಟಿದ್ದು ಇನ್ನೂ ಅವನೊಳಗೆ ಇಳೀತಾ ಇದೆ. ಈಗ ತಟ್ಟಿದ್ರೆ ಎದ್ದ್ಬಿಡ್ತಾನೆ."

"ಇಳೀತು ಅಂತ ನಿಂಗೆ ಹೇಗೆ ಗೊತ್ತಾಗುತ್ತೆ?"

"ಕಾಯ್ತೀನಿ, ಅಷ್ಟೇ."

ಜೀರುಂಡೆ ಮೇಜಿನ ಹತ್ತಿರ ಹೋದಳು. ಒಂದು ರಟ್ಟಿನ ಪಟ್ಟಿಯನ್ನು ಮೆಲ್ಲಗೆ ಮುಟ್ಟಿ ಪೆನ್ಸಿಲನ್ನು ಮೇಲೆತ್ತಿ ಹಿಡಿದಳು. ಮೇಜು ಏನೂ ಹೇಳಲಿಲ್ಲ. ಆದರೆ ನಿಜವಾದ ಪಟ್ಟಿಯ ಸ್ವರ ಅವಳ ತಲೆಯೊಳಗೆ ಎದ್ದಿತು. ಲೋಟಗಳ ಮೇಲೆ ಹಾದು, ಮಡಚದ ಬಟ್ಟೆಗಳ ರಾಶಿಯನ್ನು ಬಳಸಿ, ಕಿಟಕಿಯಿಂದ ಹೊರಗೆ ಹೋಗಿ, ಬೀದಿದೀಪದ ಹಳದಿ ಬೆಳಕಿನಲ್ಲಿ ಕರಗಿತು. ಆಮೇಲೇ ಅವಳು ಎರಡನೆಯದನ್ನು ಮುಟ್ಟಿದಳು.

ಮರುದಿನ ಸ್ಟೇಜನ್ನು ಲೈಟಿನವರು ಬಿಟ್ಟುಕೊಡಲೇ ಇಲ್ಲ. ಮಿಸ್‌ಗೆ ಅವಳ ಸೋಲೋ ಕೇಳಲು ಸಮಯವೇ ಸಿಗಲಿಲ್ಲ.

"ನಿನ್ನ ಜಾಗ ಬಂದಾಗ ನಿನ್ನ ಕಡೆ ನೋಡ್ತೀನಿ," ಎಂದರು. "ಆಗಲ್ಲ ಅನ್ಸಿದ್ರೆ ತಲೆ ಅಲ್ಲಾಡಿಸು. ಲಂಬು ನೋಡ್ಕೋತಾನೆ."

ಆ ಜಾಗ ಬಂತು. ಮಿಸ್ ನೋಡಿದರು. ಜೀರುಂಡೆ ತಲೆ ಅಲ್ಲಾಡಿಸಲಿಲ್ಲ. ಪೆಡಲ್ ಒತ್ತಿ ಒಂದೇ ಒಂದು ಸ್ವರ ನುಡಿಸಿದಳು.

ಕೈಗಳು ಓಡಲು ಹಟ ಮಾಡಿದವು. ಅವಳು ಬಿಡಲಿಲ್ಲ. ಸ್ವರ ಪರದೆಯನ್ನು ಸವರಿ, ಕುರ್ಚಿಗಳ ಸಾಲು ದಾಟಿ, ಹಾಲ್‌ನ ಹಿಂದಿನ ಬಾಗಿಲಿನತ್ತ ತೇಲಿತು. ಅದು ಹೋಗುವ ದಾರಿಯಲ್ಲಿ ಲಂಬುವಿನ ಬೇಸ್ ಒಂದು ಸಲ ತಗ್ಗಿದ ದನಿಯಲ್ಲಿ ನುಡಿಯಿತು, ಕತೆ ಕೇಳುವವರು ಹೂಂ ಎಂದ ಹಾಗೆ. ಇಷ್ಟು ದಿನವೂ ಅವನು ಹೀಗೆ ಹೂಂಗುಟ್ಟುತ್ತಿದ್ದನೋ ಏನೋ, ಅವಳಿಗೆ ಕೇಳಿಸಿಯೇ ಇರಲಿಲ್ಲ. ಖುಷಿಯಾಗಿ ಅವನಿಗೆ ಎರಡು ಸ್ವರಗಳಲ್ಲಿ ಉತ್ತರ ಹೇಳಿದಳು. ಅವನು ಮತ್ತೆ ಹೂಂ ಎಂದ. ಕತೆ ಮುಂದುವರಿಯಿತು.

ಕೊನೆಯ ಸ್ವರ ನುಡಿಸಿ ತಲೆ ಎತ್ತಿದಳು. ಮುಂದಿನ ಸಾಲಿನಲ್ಲಿ ಅಮ್ಮ ಕೂತಿದ್ದಳು. ಅವಳ ಹೆಗಲ ಮೇಲೆ ತಮ್ಮ ಬಾಯಿ ತೆರೆದು ಮಲಗಿದ್ದ. ಅಮ್ಮನ ಕೈ ಅವನ ಬೆನ್ನಿಗೆ ತಾಕದೆ ಗಾಳಿಯಲ್ಲಿ ನಿಂತಿತ್ತು.

ಜೀರುಂಡೆಯ ಮ್ಯಾಲೆಟ್‌ಗಳೂ ಗಾಳಿಯಲ್ಲಿದ್ದವು. ಕೊನೆಯ ಸ್ವರ ಇನ್ನೂ ಇಳಿಯುತ್ತಲೇ ಇತ್ತು, ಯಾರೂ ಚಪ್ಪಾಳೆ ತಟ್ಟಿರಲಿಲ್ಲ. ಅವಳು ಪೆಡಲ್‌ನಿಂದ ಕಾಲು ತೆಗೆಯಲಿಲ್ಲ. ಅಮ್ಮನನ್ನೇ ನೋಡುತ್ತ ಕಾದಳು.